ಗಂಟಿಲ್ಲದ ಉಡುದಾರ

ಆ ಪುಟ್ಟ ‘ಲೊ’ ಎಲ್ಲಿ ಕೂರಬೇಕು ಅನ್ನುವುದರ ಮೇಲೆ ತರಗತಿಯಲ್ಲಿ ಸಣ್ಣ ಜಗಳವೇ ಎದ್ದಿತ್ತು.

ಅದು ಚಳ್ಳಕೆರೆಯ ಶೇಂಗಾ ಎಣ್ಣೆ ಮಂಡಿಯೊಂದರ ಮೇಲಿನ ಕೋಣೆ. ಕೆಳಗಿನಿಂದ ಹಿಂಡಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಳಗೆ ನರ್ಸಿಂಗ್ ಮುಗಿಸಿದ ಒಂಬತ್ತು ಹುಡುಗಿಯರು ಇಟಲಿಯ ಭಾಷೆ ಕಲಿಯುತ್ತಿದ್ದರು. ಕಲಿಸುತ್ತಿದ್ದವಳು ಸ್ವಪ್ನ, ಆರು ವರ್ಷ ಇಟಲಿಯ ಒಂದು ವೃದ್ಧಾಶ್ರಮದಲ್ಲಿ ದುಡಿದು ಊರಿಗೆ ಮರಳಿದವಳು. ಕೊನೆಯ ಬೆಂಚಿನಲ್ಲಿ, ಆ ಹುಡುಗಿಯರ ತಾಯಿಯ ವಯಸ್ಸಿನ ಜಗದಾಂಬ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗಂಟೆಯಿಂದ ಕೂತಿದ್ದಳು.

ರಶ್ಮಿತಾ ಎಂಬ ಹುಡುಗಿ ಬೋರ್ಡಿನ ಮೇಲೆ ‘ಈಯೊ ವೇದೊ ಲೊ’ ಎಂದು ಬರೆದಿದ್ದಳು. ನಾನು ನೋಡುತ್ತೇನೆ ಅದನ್ನು. ಇಂಗ್ಲಿಷಿನಲ್ಲಿ ಹಾಗೇ ತಾನೇ ಬರೋದು ಅಂತ ಅವಳ ವಾದ. ಸ್ವಪ್ನ ಅದನ್ನು ಒರೆಸಿ ‘ಈಯೊ ಲೊ ವೇದೊ’ ಎಂದು ಬರೆದಳು. ಮನೆ, ಮರ, ಮಾತ್ರೆ ಅಂತ ಹೆಸರು ಹಿಡಿದು ಹೇಳಿದರೆ ಅದು ಕ್ರಿಯಾಪದ ಆದಮೇಲೆ ಬರುತ್ತದೆ. ಹೆಸರು ಬಿಟ್ಟು ‘ಅದನ್ನು’ ಅಂದ ಕೂಡಲೇ ಈ ಪುಟ್ಟ ಮಾತು ಓಡಿಹೋಗಿ ಕ್ರಿಯಾಪದದ ಮುಂದೆ ಜಾಗ ಹಿಡಿಯುತ್ತದೆ ಎಂದು ವಿವರಿಸಿದಳು. ಯಾರಿಗಾದರೂ ಅಪ್ಪಣೆ ಮಾಡುವಾಗ ಮಾತ್ರ ಮತ್ತೆ ಬಾಲಕ್ಕೇ ಅಂಟಿಕೊಳ್ಳುತ್ತದಂತೆ. ‘ಗ್ವಾರ್ದಲೊ’, ನೋಡು ಅದನ್ನ. ಹುಡುಗಿಯರೆಲ್ಲ ಒಟ್ಟಿಗೇ ನಿಟ್ಟುಸಿರು ಬಿಟ್ಟರು.

ಜಗದಾಂಬನಿಗೆ ಸುಮ್ಮನೆ ಕೂರುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸವಲ್ಲ.

“ಇದ್ರಾಗೆ ಕಷ್ಟ ಏನೈತಮ್ಮ? ನಾನು ಅದನ್ನ ನೋಡ್ತೀನಿ. ಈಯೊ ಲೊ ವೇದೊ. ನಮ್ಮ ಮಾತಿನ ಸಾಲೇ ಅಲ್ವಾ ಇದು?”

ಸ್ವಪ್ನ ನಕ್ಕುಬಿಟ್ಟಳು. “ನೋಡ್ರೇ, ಓದೋಕೇ ಬರ್ದಿರೋ ಅವರೂ ಹಿಂಗೇ ಅಂದ್ರು, ನಿಮಗೆ ಮಾತ್ರ…” ಎಂದವಳು ಅಲ್ಲಿಗೇ ನಿಲ್ಲಿಸಿ ಬೋರ್ಡಿನ ಕಡೆ ತಿರುಗಿದಳು.

ಬೆಳಿಗ್ಗೆ ಜಗದಾಂಬ ಬಂದು ಕೇಳಿದಾಗ ಇದೇ ಸ್ವಪ್ನ ಏನು ಹೇಳಿದ್ದಳು? ನರ್ಸ್ ಹುಡುಗಿಯರನ್ನು ಬಿಟ್ಟು ಬೇರೆ ನರಪಿಳ್ಳೆಗೂ ತಾನು ಪಾಠ ಹೇಳಿಲ್ಲ ಅಂತ. ಈಗ ಓದಲು ಬಾರದ ಆ ‘ಅವರು’ ಎಲ್ಲಿಂದ ಉದುರಿದರು?

ಜಗದಾಂಬ ಇಪ್ಪತ್ತಾರು ವರ್ಷ ಚಳ್ಳಕೆರೆಯಲ್ಲಿ ಟೈಪಿಂಗ್ ಕಲಿಸಿದವಳು. ಟೈಪ್‌ರೈಟರುಗಳು ಗುಜರಿಗೆ ಹೋದವು, ಇವಳ ಕಣ್ಣು ಹೋಗಲಿಲ್ಲ. ಯಾವ ಬೆರಳು ಎಲ್ಲಿ ತಡವರಿಸುತ್ತದೆ ಅನ್ನುವುದನ್ನು ನೋಡಿಯೇ ಮನುಷ್ಯನ ಒಳಗನ್ನು ಹೇಳುವಳು. ಕಳೆದುಹೋದ ಪತ್ರ, ಕಾಣೆಯಾದ ಗಂಡ, ಸುಳ್ಳು ಸಹಿ, ಹೀಗೆ ಪೊಲೀಸರ ಹತ್ತಿರ ಹೇಳಲಾಗದ್ದನ್ನೆಲ್ಲ ಜನ ಇವಳ ಹತ್ತಿರ ತರುತ್ತಿದ್ದರು. ಈ ಸಲ ತಂದವಳು ಇಟಲಿಯ ಲಿವಿಯಾ.

ಲಿವಿಯಾಳಿಗೆ ಇಪ್ಪತ್ತೆಂಟು ವರ್ಷ. ಕೈಗೂಸಾಗಿದ್ದಾಗ ಒಂದು ಅನಾಥಾಶ್ರಮದಿಂದ ಅವಳನ್ನು ದತ್ತು ತೆಗೆದುಕೊಂಡು ಹೋಗಿದ್ದರು. ಆಶ್ರಮದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಮಗುವನ್ನು ಮೊಳಕಾಲ್ಮುರು ಕಡೆಯಿಂದ ತರಲಾಗಿದೆ. ಹೆತ್ತವಳನ್ನು ಹುಡುಕಿಕೊಂಡು ಬಂದು ಐದು ವಾರವಾಗಿತ್ತು. ಬಂದ ಕೂಡಲೇ ತನ್ನ ಫೋನ್ ನಂಬರಿರುವ ನೋಟೀಸನ್ನು ಮೊಳಕಾಲ್ಮುರು ತುಂಬ ಹಂಚಿಸಿದ್ದಳು. ನಾಳೆ ಬೆಳಗಿನ ಬಸ್ಸಿಗೆ ಅವಳು ಹೊರಡಲೇಬೇಕು. ಅವ್ವನಿಗೆ ತನ್ನನ್ನು ನೋಡುವ ಮನಸ್ಸಿಲ್ಲದಿದ್ದರೆ ಸುಮ್ಮನೆ ಹೋಗುತ್ತೇನೆ, ಮತ್ತೆಂದೂ ಹುಡುಕುವುದಿಲ್ಲ. ಆದರೆ ಅದನ್ನು ಅವಳ ಬಾಯಿಂದಲೇ ಕೇಳಬೇಕು ಎಂದು ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು, ಜಗದಾಂಬನದ್ದೂ ತುಂಬಿತ್ತು.

ಅಂಥವಳ ಮೊಬೈಲಿಗೆ ಮೊನ್ನೆ ಸಂಜೆ ಮೊಳಕಾಲ್ಮುರು ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಒಂದು ಫೋನು. ಹೆಂಗಸಿನ ದನಿ. ಇಟಲಿಯ ಮಾತಿನಲ್ಲಿ ಒಂದೇ ಒಂದು ವಾಕ್ಯ, ಬಸ್ಸುಗಳ ಗದ್ದಲದಲ್ಲಿ ಲಿವಿಯಾಳಿಗೆ ಅದರ ಕೊನೆಯ ‘ನಾನು’ ಮಾತ್ರ ಕೇಳಿಸಿತ್ತು. ಆಮೇಲೆ ಬರೀ ಉಸಿರು. ಅದೂ ನಿಂತಿತ್ತು. ಸೆರಗು ಮುಚ್ಚಿಕೊಂಡಿದ್ದ ಯಾರೋ ಫೋನು ಕೇಳಿ ಇಸಗೊಂಡರು ಅನ್ನುವುದನ್ನು ಬಿಟ್ಟು ಹೋಟೆಲಿನವನಿಗೆ ಇನ್ನೇನೂ ಗೊತ್ತಿರಲಿಲ್ಲ. ಈ ಸೀಮೆಯಲ್ಲಿ ಆ ಭಾಷೆ ಕಲಿಸುವವಳು ಸ್ವಪ್ನ ಒಬ್ಬಳೇ.

ತರಗತಿ ಬಿಟ್ಟ ಮೇಲೆ ಜಗದಾಂಬ ಬಾಗಿಲು ಮುಂದೆ ಮಾಡಿ ಸ್ವಪ್ನಳ ಎದುರು ಕೂತಳು. ಗದರಿಸಲಿಲ್ಲ. ನಾಳೆಯ ಬಸ್ಸಿನ ವಿಷಯ ಹೇಳಿದಳು, ಅಷ್ಟೇ. ಸ್ವಪ್ನ ಸೀಮೆಸುಣ್ಣ ಕೆಳಗಿಟ್ಟು ಬಾಯಿಬಿಟ್ಟಳು.

ಯಾರಿಗೂ ಹೇಳಬೇಡ ಅಂತ ಆಕೆ ಕೈಮೇಲೆ ಕೈ ಇಡಿಸಿಕೊಂಡಿದ್ದಳಂತೆ. ರಾಂಪುರದ ಗೀತಮ್ಮ ಅಂತ ಹೆಸರು ಹೇಳಿದ್ದಳು. ವಯಸ್ಸು ಐವತ್ತರ ಮೇಲೆ. ನಾಲ್ಕು ಗುರುವಾರ ಬಂದಿದ್ದಳು. ಕಲಿಯಬೇಕಾಗಿದ್ದದ್ದು ಭಾಷೆಯಲ್ಲ, ಒಂದೇ ವಾಕ್ಯ.

“ಯಾವ ವಾಕ್ಯ?”

“ತೆ ಲೊ ಲೆಗಾತೊ ಈಯೊ.” ಸ್ವಪ್ನ ಬೆರಳು ಮಡಚುತ್ತ ಬಿಡಿಸಿ ಹೇಳಿದಳು. ತೆ ಅಂದರೆ ನಿನಗೆ. ಆಮೇಲಿನದು ಅದನ್ನ. ಆಮೇಲೆ ಕಟ್ಟಿದೆ. ಕೊನೆಗೆ ನಾನು. “ಈಯೊ ಅನ್ನೋದನ್ನ ಬಿಟ್ರೂ ನಡೀತೈತೆ, ಮುಂದೆ ಇಟ್ರೂ ನಡೀತೈತೆ. ಕೊನೆಗಿಟ್ರೆ ಒತ್ತು ಬೀಳ್ತೈತೆ. ನಿನಗೆ ಅದನ್ನ ಕಟ್ಟಿದೋಳು ನಾನೇ, ಅಂದಂಗೆ.”

ಲಿವಿಯಾಳ ಕುತ್ತಿಗೆಯಲ್ಲಿ ಕಿರುಬೆರಳಿನಷ್ಟು ಗಾಜಿನ ಕೊಳವೆಯೊಂದಿತ್ತು. ಅದರೊಳಗೆ ಮಾಸಿದ ಕೆಂಪು ರೇಷ್ಮೆ ದಾರ. ಆಶ್ರಮಕ್ಕೆ ಬಂದ ದಿನ ಕೂಸಿನ ಸೊಂಟದಲ್ಲಿದ್ದ ಉಡುದಾರ ಅದು. ಆ ದಾರದ ಸುದ್ದಿ ಊರಿಗೆ ಹಂಚಿದ ನೋಟೀಸಿನಲ್ಲಿ ಇರಲಿಲ್ಲ. ಜಗದಾಂಬನೇ ಬೇಡ ಅಂದಿದ್ದಳು. ಹಾಗಾದರೆ ಕಟ್ಟಿದ್ದು ಗೊತ್ತಿರುವವಳು ಕಟ್ಟಿದವಳೊಬ್ಬಳೇ.

ಪಾಠ ಹೇಗೆ ನಡೆಯಿತು ಅಂತ ಅವಳು ಕೇಳಿದಳು. ಕೆಲಸಕ್ಕೆ ಬೇಕಾಗಿ ಅರ್ಧ, ತಡೆಯಲಾರದ ಆಸೆಗೆ ಅರ್ಧ. ಅಕ್ಷರ ಬಾರದವಳು ಪರದೇಶದ ಮಾತನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾಳೆ?

ಸ್ವಪ್ನ ಮೇಜಿನ ಖಾನೆಯಿಂದ ಒಂದು ಗೇಣುದ್ದದ ದಾರ ತೆಗೆದು ಕೊಟ್ಟಳು. ಹಳದಿ, ಕೆಂಪು, ಹಸಿರು, ನೀಲಿ. ನಾಲ್ಕು ತುಂಡು ರೇಷ್ಮೆ ಒಂದರ ಹಿಂದೊಂದು ಕೂಡಿಕೊಂಡಿದ್ದವು. ಆ ಹೆಂಗಸು ಮಾತಿಗೊಂದು ಬಣ್ಣ ಮಾಡಿಕೊಂಡು, ಬೆರಳಲ್ಲಿ ಹಿಡಿದು ಜಪಮಣಿಯ ಹಾಗೆ ಸರಿಸುತ್ತ ಹೇಳಿಕೊಳ್ಳುತ್ತಿದ್ದಳಂತೆ. ಕೆಂಪು ಅಂದರೆ ‘ಅದನ್ನ’. ಅದು ಯಾಕೆ ಹಸಿರಿನ ಮುಂದೆ ಬರುತ್ತದೆ ಅಂತ ಸ್ವಪ್ನ ವಿವರಿಸಲು ಹೋದರೆ, ಇನ್ನೆಲ್ಲಿ ಬರಬೇಕಿತ್ತವ್ವ ಅಂತ ಆಕೆಯೇ ಕೇಳಿದ್ದಳು. ಒಂಬತ್ತು ಹುಡುಗಿಯರು ಆರು ತಿಂಗಳು ಒದ್ದಾಡಿದ್ದನ್ನು ಆಕೆ ಅರ್ಧ ಗಂಟೆಯಲ್ಲಿ ಹಿಡಿದಿದ್ದಳು.

ನಾಲ್ಕನೇ ಗುರುವಾರ ಇನ್ನೊಂದು ವಾಕ್ಯ ಬೇಕು ಅಂದಿದ್ದಳಂತೆ. ಯಾವುದು ಅಂದರೆ ಹೇಳಲಾಗದೆ ಅತ್ತಳು. ಅಳುತ್ತಲೇ ಎದ್ದುಹೋದಳು. ದಾರ ಇಲ್ಲೇ ಬಿದ್ದಿತ್ತು.

ಜಗದಾಂಬ ಕನ್ನಡಕ ಏರಿಸಿ ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಳದಿ ಮುಗಿದು ಕೆಂಪು ಶುರುವಾಗುವ ಕಡೆ ಏನೋ ಇರಬೇಕಾಗಿದ್ದದ್ದು ಇರಲಿಲ್ಲ.

“ಗಂಟೆಲ್ಲಿ?” ಅಂದಳು ತನಗೇ.

ಮೂರು ಕಡೆ ಬಣ್ಣ ಬದಲಾಗಿತ್ತು, ಒಂದು ಕಡೆಯೂ ಗಂಟಿರಲಿಲ್ಲ. ಎಳೆಯ ತುದಿಯನ್ನು ಎಳೆಯ ತುದಿಗೆ ಹೊಸೆದು ಸೇರಿಸಲಾಗಿತ್ತು. ಬೆರಳಿಗೆ ಒಂದಿಷ್ಟು ಬೂದುಬಣ್ಣದ ಪುಡಿ ಹತ್ತಿತು. ಬೂದಿ. ಅವಳು ಮೊಬೈಲ್ ತೆಗೆದು ನಿನ್ನೆ ಗಾಜಿನ ಕೊಳವೆಯ ಹೊರಗಿನಿಂದ ಹಿಡಿದಿದ್ದ ಫೋಟೋ ದೊಡ್ಡದು ಮಾಡಿ ನೋಡಿದಳು. ಉಡುದಾರದ ಎರಡು ತುದಿ ಸೇರುವ ಕಡೆಯೂ ಅದೇ ಹೊಸೆತ. ಆ ದಾರಕ್ಕೂ ಗಂಟಿರಲಿಲ್ಲ. ಇಷ್ಟು ದಿನ ಇದನ್ನು ನೋಡಿಯೂ ನೋಡದೆ ಹೋಗಿದ್ದಕ್ಕೆ ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡಳು.

ಲೋಕದಲ್ಲಿ ಯಾರಾದರೂ ಕೂಸಿನ ಸೊಂಟಕ್ಕೆ ದಾರ ಸುತ್ತಿದರೆ ಗಂಟು ಹಾಕುತ್ತಾರೆ. ಗಂಟು ಹಾಕಲು ಬೆರಳು ಒಪ್ಪದ ಜನ ಒಂದೇ ಕಡೆ ಇರುವುದು.

*

ತಳಕು ದಾಟಿ, ಕೊಂಡ್ಲಹಳ್ಳಿ ಕಡೆಯವರು ಹತ್ತಿ ಇಳಿದು, ಬಸ್ಸು ಮೊಳಕಾಲ್ಮುರು ಸೇರುವ ಹೊತ್ತಿಗೆ ಎರಡು ಗಂಟೆ. ಲಿವಿಯಾ ತಾನು ಇಳಿದುಕೊಂಡಿದ್ದ ಲಾಡ್ಜಿನ ಮುಂದೆಯೇ ಕಾಯುತ್ತಿದ್ದಳು. ತಾನು ಕರೆಯುವ ತನಕ ಅಲ್ಲಿಂದ ಕದಲಬೇಡ ಎಂದು ಜಗದಾಂಬ ಎರಡು ಸಲ ಹೇಳಿದಳು. ಹುಡುಗಿ ಎರಡು ಸಲವೂ ತಲೆಯಾಡಿಸಿದಳು, ಕಣ್ಣು ಮಾತ್ರ ನೇಕಾರರ ಬೀದಿಯ ಕಡೆಗೇ ಇತ್ತು.

ಬೊಮ್ಮಲಿಂಗಪ್ಪನಿಗೆ ಆ ಬೀದಿಯಲ್ಲಿ ಹನ್ನೆರಡು ಮಗ್ಗ. ಎಪ್ಪತ್ತು ದಾಟಿದರೂ ಸೀರೆಯ ಅಂಚನ್ನು ಕಣ್ಣುಮುಚ್ಚಿ ಮುಟ್ಟಿ ನೇಯ್ದವನ ಹೆಸರು ಹೇಳುವವನು. ಜಗದಾಂಬ ನಾಲ್ಕು ಬಣ್ಣದ ದಾರವನ್ನು ಅವನ ಅಂಗೈಗೆ ಹಾಕಿ, ಇದು ಯಾರ ಕೈಕೆಲಸ ಅಂತ ಸುಮ್ಮನೆ ತಿಳಿಯಬೇಕಿತ್ತು ಅಂದಳು. ಎಲ್ಲಿ ಸಿಕ್ಕಿತು, ಯಾಕೆ ಬೇಕು ಅನ್ನುವುದನ್ನು ಹೇಳಲಿಲ್ಲ.

ಮುದುಕ ನಗಾಡಿದ. ಇದು ಹಾಸಿನ ಎಳೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆ, ಕೂಡಿಸುವವರ ಕೈ. ಒಂದು ಹಾಸು ನೇಯ್ದು ಮುಗಿಯುವಾಗ ಅದರ ಬಾಲಕ್ಕೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ನಾಲ್ಕು ಸಾವಿರದ ಮೇಲೆ ಎಳೆ. ಗಂಟು ಹಾಕಿದರೆ ಮಗ್ಗದ ಹಲ್ಲಿನ ಸಂದಿಯಲ್ಲಿ ಸಿಕ್ಕಿ ಹರಿಯುತ್ತದೆ. ಅದಕ್ಕೇ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುವುದು. ಇಷ್ಟು ಹೇಳಿ ಆತ ಒಂದು ಕೂಡಿಕೆಯನ್ನು ಬಿಚ್ಚಲು ಬೆರಳಲ್ಲಿ ತಿರುವಿದ. ಬಿಚ್ಚುವ ಬದಲು ಅದು ಇನ್ನೂ ಬಿಗಿಯಿತು.

ಆತನ ಹುಬ್ಬು ಮೇಲೇರಿತು. “ಹುರಿ ಉಲ್ಟಾ ಐತಲ್ಲ. ಎಡಗೈನೋಳು ಕೂಡಿಸಿದ್ದು ಇದು.”

ಎಡಗೈಯವರ ಹುರಿ ರೇಷ್ಮೆಯ ಹುರಿಗೆ ಎದುರಾಗಿ ತಿರುಗುತ್ತದೆ, ಮಗ್ಗ ಓಡುವಾಗ ಸಡಿಲಾದೀತು ಅಂತ ಅವರನ್ನು ಈ ಕೆಲಸಕ್ಕೆ ಯಾರೂ ಕರೆಯುವುದಿಲ್ಲವಂತೆ. ಆತನ ಮಗ್ಗದ ಮನೆಯಲ್ಲಿ ಮಾತ್ರ ಅಂಥ ಒಬ್ಬಳು ಕೆಲಸಕ್ಕಿದ್ದಾಳೆ. ಮೂವತ್ತು ವರ್ಷದಲ್ಲಿ ಆಕೆ ಕೂಡಿಸಿದ ಒಂದು ಎಳೆಯೂ ಬಿಚ್ಚಿಲ್ಲ. ಯರ್ರಮ್ಮ. ಗಂಡ, ಮಕ್ಕಳು, ಮೊಮ್ಮಕ್ಕಳಿರುವವಳು. ಹಿಂದಿನ ಕೋಣೆಯಲ್ಲೇ ಕೂತಿದ್ದಾಳೆ, ಇವತ್ತು ಹೊಸ ಹಾಸು.

ಜಗದಾಂಬನಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಗಂಡ ಮಕ್ಕಳು ಮೊಮ್ಮಕ್ಕಳು ಇರುವ ಹೆಂಗಸಿನ ಎದುರು ಹೋಗಿ, ಇಪ್ಪತ್ತೆಂಟು ವರ್ಷದ ಹಿಂದೆ ಯಾರಿಗೂ ತಿಳಿಯದ ಹಾಗೆ ಹೆತ್ತೆಯಾ ಅಂತ ಹೇಗೆ ಕೇಳುವುದು? ಇತ್ತ ಬಿಸಿಲಲ್ಲಿ ಕಾಯುತ್ತಿರುವ ಹುಡುಗಿಗೆ ಇಲ್ಲ ಅಂತ ಹೇಗೆ ಹೇಳುವುದು?

*

ಹಿಂದಿನ ಕೋಣೆಯಲ್ಲಿ ಮಗ್ಗದ ಮುಂದೆ ಇಬ್ಬರು ಹೆಂಗಸರಿದ್ದರು. ಒಬ್ಬಳು ಹಾಸಿನ ಎಡ ಅಂಚಿನಿಂದ, ಇನ್ನೊಬ್ಬಳು ಬಲ ಅಂಚಿನಿಂದ ಎಳೆ ಕೂಡಿಸುತ್ತ ನಡುವಿಗೆ ಬರುತ್ತಿದ್ದರು. ಇಬ್ಬರ ನಡುವೆ ತೆಂಗಿನ ಚಿಪ್ಪಿನಲ್ಲಿ ಬೂದಿ. ಎಡಗೈ ಆಡಿಸುತ್ತಿದ್ದವಳು ಯರ್ರಮ್ಮ ಅನ್ನುವುದನ್ನು ಕೇಳಬೇಕಾಗಿರಲಿಲ್ಲ.

ಸೀರೆ ನೋಡಲು ಬಂದವಳ ಹಾಗೆ ಜಗದಾಂಬ ಮೂಲೆಯಲ್ಲಿ ಕೂತು ಕೆಲಸ ನೋಡಿದಳು. ಬೆರಳುಗಳು ಕಣ್ಣಿಗೆ ಸಿಗದಷ್ಟು ಬೇಗ ಓಡುತ್ತಿದ್ದವು. ಇನ್ನೊಬ್ಬಳು ರಂಗಕ್ಕ, ಸಣ್ಣ ಮೈಯ ನಗುಮುಖದವಳು, ತಾನಾಗಿಯೇ ಮಾತಿಗೆಳೆದಳು. ಯರ್ರಕ್ಕನೂ ತಾನೂ ಈ ಚಾಪೆಯ ಮೇಲೆ ಕೂತು ಮುದುಕಿಯರಾದೆವು, ಜಗಳ ಆಡಿದರೂ ಸಂಜೆಗೆ ನಡುವಿನ ಎಳೆಗೆ ಬಂದು ಸೇರಲೇಬೇಕು ಅಂತ ನಕ್ಕಳು. ಬಂದವರಿಗೆ ಕುಡಿಯಲು ನೀರೂ ಇಲ್ಲವಲ್ಲ ಎಂದು ಬಿಂದಿಗೆ ಎತ್ತಿಕೊಂಡು ಬೀದಿಯ ನಲ್ಲಿಗೆ ಹೊರಟಳು.

ಅವಳ ಕಾಲಸಪ್ಪಳ ಹೊಸ್ತಿಲು ದಾಟಿದ ಮೇಲೆ ಜಗದಾಂಬ ನಾಲ್ಕು ಬಣ್ಣದ ದಾರ ತೆಗೆದು ಹಾಸಿನ ಮೇಲೆ ಇಟ್ಟಳು.

ಯರ್ರಮ್ಮನ ಎಡಗೈ ನಿಂತಿತು.

“ಚಳ್ಳಕೆರೆ ಮೇಡಮ್ಮು ಹೇಳ್ಬಿಟ್ರಾ?” ದಾರದಿಂದ ಕಣ್ಣೆತ್ತದೆ ಕೇಳಿದಳು.

“ಅವರು ಹೇಳಿದ್ದು ರಾಂಪುರದ ಗೀತಮ್ಮ ಅಂತ. ನಿಮ್ಮ ಹೆಸರು ಹೇಳಿದ್ದು ಈ ದಾರ.” ಜಗದಾಂಬ ಮೊಬೈಲಿನ ಫೋಟೋವನ್ನೂ ಮುಂದಿಟ್ಟಳು. “ಇದೂ ನಿಮ್ಮ ಕೈಯಿದೇ. ಕೂಸಿನ ಸೊಂಟಕ್ಕೆ ಕಟ್ಟೋವಾಗಲೂ ನಿಮಗೆ ಗಂಟು ಹಾಕಕಾಗ್ಲಿಲ್ಲ.”

ಯರ್ರಮ್ಮ ಫೋಟೋವನ್ನು ಮುಟ್ಟಲು ಬೆರಳು ಚಾಚಿದಳು. ಬೂದಿ ಹತ್ತೀತು ಅಂತ ಸೀರೆಗೆ ಒರೆಸಿಕೊಂಡು ಮತ್ತೆ ಚಾಚಿದಳು. ಇನ್ನೂ ಐತಾ ಇದು, ಬಿಸಾಕ್ಲಿಲ್ವಾ ಅವರು, ಅಂತ ಗೊಣಗಿದಳು.

ಅವಳನ್ನು ಬೀದಿಗೆ ತರಲು ತಾನು ಬಂದಿಲ್ಲ ಎಂದು ಜಗದಾಂಬ ಮೆಲ್ಲಗೆ ಹೇಳಿದಳು. ಗಂಡನಿಗೆ ಗೊತ್ತಾಗಬೇಕಿಲ್ಲ, ಮಕ್ಕಳಿಗೆ ಗೊತ್ತಾಗಬೇಕಿಲ್ಲ. ಬೇಕಾದರೆ ಚಳ್ಳಕೆರೆಯಲ್ಲಿ ತನ್ನ ಮನೆಯಲ್ಲೇ ಅರ್ಧ ಗಂಟೆ ಭೇಟಿ ಮಾಡಿಸುವೆ. ಹುಡುಗಿ ನಾಳೆ ಹೋಗುತ್ತಾಳೆ, ಹೋದರೆ ಬರುವುದಿಲ್ಲ. ನೀವೇ ಕಲಿತ ಮಾತನ್ನು ಅವಳ ಮುಖ ನೋಡಿ ಒಂದು ಸಲ ಹೇಳಿ ಸಾಕು ಅಂದಳು.

“ಹೇಳಾಕೆ ಅಂತಲೇ ಕಲ್ತೆ. ಫೋನೂ ಮಾಡಿದೆ.” ಯರ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವಳು ಆ ಕಡೆಯಿಂದ ಏನೋ ಅಂದ್ಲು ನೋಡ್ರಿ, ನನ್ನ ಬಾಯಿ ಕಟ್ಟಿಹೋಯ್ತು. ಥೇಟ್ ಅದೇ ದನಿ. ಒಂದು ಚೂರೂ ಬ್ಯಾರೆ ಇಲ್ಲ.”

ಜಗದಾಂಬ ಕನ್ನಡಕ ತೆಗೆದಳು. ಇಷ್ಟು ಹೊತ್ತು ಒಂದೇ ದಾರಿಯಲ್ಲಿ ಓಡುತ್ತಿದ್ದ ಅವಳ ತಲೆ ಅಲ್ಲಿಗೇ ನಿಂತಿತು.

“ಯಾರ ದನಿ ಯರ್ರಮ್ಮ?”

ಯರ್ರಮ್ಮ ಬೂದಿಯ ಚಿಪ್ಪನ್ನು ಎರಡು ಸಲ ಆಚೆ ಈಚೆ ಸರಿಸಿದಳು.

“ನಿಮ್ಮ ದನಿ ಅಂತೂ ಅಲ್ಲ. ತನ್ನ ದನಿ ಹೆಂಗೈತೆ ಅಂತ ಯಾರಿಗೂ ತಿಳಿಯಾಕಿಲ್ಲ. ಯಾರದು?”

“ನಾನು ಕಟ್ಟಿದೋಳು ಅಷ್ಟೇ ಕಣ್ರಿ. ಹೆತ್ತೋಳಲ್ಲ.” ಒಮ್ಮೆ ಬಾಯಿಗೆ ಬಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. “ಹೆತ್ತೋಳಿಗೆ ಆ ಕೂಸು ಬದುಕೈತೆ ಅಂತಲೇ ಗೊತ್ತಿಲ್ಲ. ಆ ಎರಡನೇ ಮಾತೇ ನನಗೆ ಬೇಕಾಗಿದ್ದದ್ದು. ನಿಮ್ಮವ್ವಗೆ ಗೊತ್ತಿಲ್ಲ ಕೂಸೇ, ಅವಳ ಮ್ಯಾಲೆ ಸಿಟ್ಟಾಗಬ್ಯಾಡ ಅನ್ನೋದು. ಅದನ್ನ ಕನ್ನಡದಾಗೇ ಹೇಳಾಕಾಗ್ಲಿಲ್ಲ ನನಗೆ, ಇನ್ನು ಆ ಮಾತಿನಾಗೆ ಹೆಂಗೆ ಹೇಳ್ಲಿ?”

ಆಮೇಲೆ ಅವಳು ಹೇಳಿದ್ದನ್ನೆಲ್ಲ ಜಗದಾಂಬ ಉಸಿರು ಹಿಡಿದು ಕೇಳಿದಳು. ಆ ಹುಡುಗಿಗೆ ಆಗ ಹತ್ತೊಂಬತ್ತು, ಮದುವೆಯಾಗಿರಲಿಲ್ಲ. ಹೆರಿಗೆಯಾದ ಮೇಲೆ ಜ್ವರ ಏರಿ ಮೂರು ದಿನ ಮೈಮೇಲೆ ಎಚ್ಚರವಿರಲಿಲ್ಲ. ಅವಳ ಅಣ್ಣ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಯರ್ರಮ್ಮನ ಕೈಗೆ ಕೊಟ್ಟ. ಎಲ್ಲಾದರೂ ಬಿಟ್ಟು ಬಾ, ಅವಳು ಎದ್ದ ಮೇಲೆ ಕೂಸು ಉಳಿಯಲಿಲ್ಲ ಅನ್ನು, ಇಲ್ಲದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂದ. ಯರ್ರಮ್ಮ ಬಸ್ಸು ಹತ್ತಿದಳು. ಆಶ್ರಮದ ಬಾಗಿಲಲ್ಲಿ ನೋಡಿದರೆ ಕೂಸಿನ ಸೊಂಟ ಬರಿದು. ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಾಸಿನ ತುಂಡು ರೇಷ್ಮೆ ತೆಗೆದು ಅಲ್ಲೇ ಮೆಟ್ಟಿಲ ಮೇಲೆ ಕೂತು ಕಟ್ಟಿದಳು. ಎರಡು ವರ್ಷದ ಮೇಲೆ ಮನಸ್ಸು ತಡೆಯದೆ ಮತ್ತೆ ಹೋಗಿ ಕೇಳಿದಾಗ, ಇಟಲಿ ಅನ್ನುವ ದೇಶಕ್ಕೆ ಹೋಯಿತು ಅಂದರು.

“ಅವತ್ತು ಕೂಸನ್ನ ಬಿಟ್ಟು ಬಂದು ಅವಳಿಗೆ ಹೇಳಿದೆ, ಕೂಸು ಹೋಯ್ತು ಅಂತ. ನನ್ನ ತೊಡೆ ಮ್ಯಾಲೆ ಬಿದ್ದು ಅತ್ಲು. ಆಮೇಲೆ ಮದುವೆ ಆಯ್ತು, ಮಕ್ಕಳಾಗ್ಲಿಲ್ಲ. ಗಂಡ ಹೋದ, ಆ ಅಣ್ಣನೂ ಹೋದ. ಈಗಲೂ ವರ್ಷಕ್ಕೊಂದು ಸಲ ಆ ಕೂಸಿನ ಹೆಸರಲ್ಲಿ ಎಡೆ ಇಡ್ತಾಳೆ. ಪಕ್ಕದಾಗೆ ಕೂತು ಉಣ್ಣೋಳು ನಾನೇ. ಗಂಟಲಾಗೆ ಇಳಿಯಾಕಿಲ್ಲ, ಆದ್ರೂ ಉಣ್ತೀನಿ.”

ಜಗದಾಂಬನಿಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ, ಹೆಸರು ಹೇಳಿ ಅಂದಳು.

“ಹೇಳಾಕಿಲ್ಲ. ನನ್ನ ಕಾಲು ಹಿಡ್ಕಂಡ್ರೂ ಹೇಳಾಕಿಲ್ಲ.” ಯರ್ರಮ್ಮ ಕೈಮುಗಿದಳು. “ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ ಈಗ. ನಾನೇ ಸುಳ್ಳು ಹೇಳಿದೋಳು ಅಂತ ತಿಳಿದ್ರೆ ಅವಳಿಗೆ ಯಾರಿರ್ತಾರೆ? ಆ ಹುಡುಗಿ ಹೋಗ್ಲಿ ಬಿಡ್ರಿ. ಅಲ್ಲಿ ಚೆಂದಾಗಿ ಅವ್ಳೆ ತಾನೇ?”

ಹೀಗೆ ಅನ್ನುವಾಗ ಅವಳ ಕಣ್ಣು ಒಂದು ಕಡೆ ಹೋಗಿ ಬಂತು. ಕ್ಷಣ ಮಾತ್ರ. ಟೈಪಿಂಗ್ ಮೇಡಮ್ಮಿಗೆ ಅಷ್ಟು ಸಾಕಾಗಿತ್ತು. ಹಾಸಿನ ಬಲ ಅಂಚಿನಲ್ಲಿ, ಈಗ ತಾನೇ ಎದ್ದುಹೋದವಳ ಖಾಲಿ ಜಾಗ. ಅಲ್ಲಿ ಅರ್ಧ ಹೊಸೆದ ಒಂದು ಎಳೆ ನೇತಾಡುತ್ತಿತ್ತು.

ರಂಗಕ್ಕ.

ಜಗದಾಂಬ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬಿಂದಿಗೆ ಇಳಿಸಿದ ಸದ್ದಾಯಿತು. ಅದರ ಹಿಂದೆಯೇ ರಂಗಕ್ಕನ ನಗು, ಜೊತೆಗೆ ಇನ್ನೊಂದು ನಗು. ಎರಡೂ ಎಷ್ಟು ಒಂದೇ ಥರ ಇದ್ದವೆಂದರೆ ಯಾವುದು ಯಾರದು ಅಂತ ಅವಳಿಗೆ ಬೇರೆ ಮಾಡಲಾಗಲಿಲ್ಲ.

ಕದಲಬೇಡ ಅಂತ ಎರಡು ಸಲ ಹೇಳಿಸಿಕೊಂಡಿದ್ದ ಲಿವಿಯಾ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ರಂಗಕ್ಕ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು, ಜಾತ್ರೆಯಲ್ಲಿ ಮಕ್ಕಳನ್ನು ಹಿಡಿದುಕೊಳ್ಳುವ ಹಾಗೆ.

“ನಲ್ಲಿ ಹತ್ರ ನಿಂತಿದ್ಲು ಪಾಪ. ನಮ್ಮ ಮಾತು ಒಂದೂ ಬರಾಕಿಲ್ಲ, ನಗು ಮಾತ್ರ ಬರ್ತೈತೆ. ಕುಡಿಯಾಕೆ ಏನಾದ್ರೂ ಕೊಡಾಣ ಅಂತ ಎಳ್ಕಂಡು ಬಂದೆ.” ಇನ್ನೊಂದು ಕೈಯಲ್ಲಿ ಸೆರಗು ಎತ್ತಿ ಹುಡುಗಿಯ ಹಣೆಯ ಬೆವರು ಒರೆಸಿದಳು. ಜಗದಾಂಬನ ಕಡೆ ತಿರುಗಿ, “ನೀವು ಓದಿದೋರು ಇದ್ದಂಗೆ ಕಾಣ್ತೀರಿ. ಇವಳನ್ನ ಕೇಳ್ರಿ ಸ್ವಲ್ಪ, ಯಾರ ಮಗಳು ಅಂತ” ಅಂದಳು.

ಲಿವಿಯಾ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಜಗದಾಂಬ ಜೀವಮಾನದಲ್ಲಿ ಮೊದಲ ಸಲ ಗೊತ್ತಿರುವ ಉತ್ತರವನ್ನು ನುಂಗಿಕೊಂಡು ಕೂತಳು. ಅದು ಹೇಳಬೇಕಾದವಳ ಮಾತು, ತನ್ನದಲ್ಲ.

ಯರ್ರಮ್ಮ ಮಗ್ಗದ ಕಂಬ ಹಿಡಿದು ಎದ್ದು ನಿಂತಳು. ಕೆನ್ನೆಯ ಮೇಲೆಲ್ಲ ಬೂದಿ ಬಳಿದುಕೊಂಡಿತ್ತು. ಅದನ್ನು ನೋಡಿ ರಂಗಕ್ಕನ ನಗು ನಿಂತಿತು. ಏನಾಯ್ತು ಯರ್ರಕ್ಕ ಅನ್ನುತ್ತ, ಹುಡುಗಿಯ ಕೈ ಬಿಟ್ಟು ಅವಳ ಕಡೆ ಬರಲು ಹೊರಟಳು.

“ಬಿಡಬ್ಯಾಡ,” ಅಂದಳು ಯರ್ರಮ್ಮ. “ಆ ಕೈ ಬಿಡಬ್ಯಾಡ ರಂಗಿ. ನಾನು ಹೇಳೋದು ಮುಗಿಯೋ ತನಕ ಹಂಗೇ ಹಿಡ್ಕಂಡಿರು. ಆಮೇಲೆ ಬೇಕಾದ್ರೆ ನನ್ನ ಬಿಡು.”